ಆತಂಕದ ಗುಳಿಗೆ ಮತ್ತು ವೈದ್ಯರ ಹಿಂಜರಿಕೆ: ಹಾವೇರಿ ಸೀಮೆಯಿಂದ ಒಂದು ಚಾರಿತ್ರಿಕ ನೋಟ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಹೊತ್ತಿಗೆ ಮಾಲತೇಶ ದೇವರ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕವೆಂಬ ಭವಿಷ್ಯವಾಣಿ ನುಡಿಯುತ್ತಾನೆ. ಜನ ಅದನ್ನು ಮಳೆಗೆ, ಬೆಳೆಗೆ, ರಾಜಕಾರಣಕ್ಕೆ ಹೊಂದಿಸಿ ಅರ್ಥೈಸುತ್ತಾರೆ. ನಾಳೆಯ ಕುರಿತ ಊರಿನ ಕಳವಳಕ್ಕೆ ಮಾಲತೇಶನ ಸನ್ನಿಧಿಯಲ್ಲಿ ಹೀಗೊಂದು ಸಾಮೂಹಿಕ ದಾರಿಯಿದೆ. ಒಬ್ಬೊಬ್ಬರ ಎದೆಬಡಿತಕ್ಕೆ, ನಿದ್ದೆಗೇಡಿಗೆ ಕಳೆದ ಶತಮಾನದ ಉತ್ತರಾರ್ಧ ಒದಗಿಸಿದ್ದು ಗುಳಿಗೆಯನ್ನು. ಅದನ್ನು ವರ್ಷಗಟ್ಟಲೆ ಬರೆದುಕೊಡಲು ವೈದ್ಯರು ಇಂದು ಹಿಂಜರಿಯುತ್ತಾರೆ. ಆರು ದಶಕಗಳ ವೈದ್ಯಕೀಯ ಅನುಭವ ಮತ್ತು ಕಾನೂನು ಸೇರಿ ಈ ಹಿಂಜರಿಕೆಯನ್ನು ರೂಪಿಸಿವೆ ಎಂಬುದು ಈ ಲೇಖನದ ವಾದ.

ಆಸ್ಪತ್ರೆಯ ಹೊರಗಿದ್ದ ಕಾಯಿಲೆ

1997ರವರೆಗೆ ಹಾವೇರಿ ಸೀಮೆ ಧಾರವಾಡ ಜಿಲ್ಲೆಯೊಳಗಿತ್ತು. ಧಾರವಾಡದ ಮಾನಸಿಕ ಆಸ್ಪತ್ರೆಯ ಮೂಲ 1845ರಷ್ಟು ಹಳೆಯದು. ಆದರೆ ಅಂಥ ಆಸ್ಪತ್ರೆಗಳಿದ್ದುದು ತೀವ್ರ ಮನೋರೋಗಿಗಳಿಗಾಗಿ. ಆತಂಕದಿಂದ ನರಳುವವರು ಮನೆಯಲ್ಲೇ ಉಳಿದರು, ದೇವರಿಗೆ ಹರಕೆ ಹೊತ್ತರು, ಹತ್ತಿರದ ಡಾಕ್ಟರರನ್ನು ಕಂಡರು. ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕೋಟದಲ್ಲಿ ಅಧ್ಯಯನ ನಡೆಸಿದ ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ 1976ರಲ್ಲಿ ಪ್ರಕಟಿಸಿದ ಗ್ರಂಥವೂ ಗ್ರಾಮಸ್ಥರು ಮನಸ್ಸಿನ ತೊಂದರೆಗೆ ನಾಟಿ ಪರಿಹಾರಕರನ್ನೂ ಆಧುನಿಕ ವೈದ್ಯರನ್ನೂ ಆಶ್ರಯಿಸುತ್ತಿದ್ದುದನ್ನು ದಾಖಲಿಸಿದೆ.

ಭರವಸೆಯಿಂದ ಎಚ್ಚರಿಕೆಗೆ

ಬೆಂಜೋಡಯಜಪೀನ್ ಗುಂಪಿನ ಮೊದಲ ಔಷಧ ಕ್ಲೋರ್‌ಡಯಜಪಾಕ್ಸೈಡ್ 1960ರಲ್ಲಿ, ಡಯಜಪಾಮ್ 1963ರಲ್ಲಿ ಮಾರುಕಟ್ಟೆಗೆ ಬಂದವು. ಹಿಂದಿನ ಬಾರ್ಬಿಚುರೇಟ್‌ಗಳು ಪ್ರಮಾಣ ಮೀರಿದರೆ ಉಸಿರಾಟವನ್ನೇ ನಿಲ್ಲಿಸುವಂತಿದ್ದವು. ಅವುಗಳೆದುರು ಹೊಸ ಗುಳಿಗೆ ಸುರಕ್ಷಿತವೆನಿಸಿತು. ಮಿದುಳಿನ ಉದ್ವೇಗವನ್ನು ತಗ್ಗಿಸುವ ಗ್ಯಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಹೆಚ್ಚಿಸಿ ಇದು ಬೇಗ ಸಮಾಧಾನ ಕೊಡುತ್ತದೆ. ಕಾಲ ಕಳೆದಂತೆ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ; ಥಟ್ಟನೆ ನಿಲ್ಲಿಸಿದರೆ ನಡುಕ, ನಿದ್ದೆಗೇಡು, ಕೆಲವರಲ್ಲಿ ಫಿಟ್ಸ್ ಕಾಣಿಸಿಕೊಳ್ಳುತ್ತವೆ. ಹೆಚ್ಚಿನ ಪ್ರಮಾಣ ಸೇವಿಸುವವರಲ್ಲಿ ಹೀಗಾಗುವುದು 1961ರಲ್ಲೇ ವರದಿಯಾಗಿತ್ತು. ಸಾಮಾನ್ಯ ಪ್ರಮಾಣವೂ ಅವಲಂಬನೆ ತರುತ್ತದೆಂಬುದು ಎಂಬತ್ತರ ದಶಕದಲ್ಲಿ ಸ್ಪಷ್ಟವಾಯಿತು. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಬಳಕೆಯನ್ನು 2ರಿಂದ 4 ವಾರಕ್ಕೆ ಸೀಮಿತಗೊಳಿಸಲು ಸೂಚಿಸಿತು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅವಲಂಬನೆಯ ಕುರಿತ ಎಚ್ಚರಿಕೆಯನ್ನು ಇನ್ನಷ್ಟು ಬಲಪಡಿಸಿದರು.

ಕಾನೂನಿನ ಕಣ್ಣು

ಭಾರತದಲ್ಲಿ 1985ರ ಮಾದಕ ದ್ರವ್ಯ ಕಾಯ್ದೆ ಡಯಜಪಾಮ್ ಮತ್ತು ಅದೇ ಗುಂಪಿನ ಆಲ್ಪ್ರಜೋಲಾಮ್‌ಗಳನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. 2014ರ ಮಾರ್ಚ್ 1ರಿಂದ ಜಾರಿಗೆ ಬಂದ, ಔಷಧ ನಿಯಮಗಳ ಎಚ್-1 ಅನುಸೂಚಿಯ ಪ್ರಕಾರ ಔಷಧದ ಅಂಗಡಿಯವರು ಈ ಗುಳಿಗೆಗಳನ್ನು ಮಾರಿದಾಗ ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ತೆಲಂಗಾಣದಲ್ಲಿ ಸೇಂದಿಗೆ ಆಲ್ಪ್ರಜೋಲಾಮ್ ಬೆರೆಸುವ ದಂಧೆ ಬೆಳಕಿಗೆ ಬಂದದ್ದು ಈ ಗುಳಿಗೆಗಳ ಮೇಲಿನ ಅನುಮಾನವನ್ನು ಹೆಚ್ಚಿಸಿತು. ವೈದ್ಯರು ಚೀಟಿ ಬರೆಯುವುದನ್ನು ಕಾಯ್ದೆ ತಡೆಯಲಿಲ್ಲ. ಆದರೆ ಪ್ರತಿ ಚೀಟಿಯೂ ತನಿಖೆಗೆ ಒಳಪಡಬಹುದಾದ ದಾಖಲೆಯಾಯಿತು.

ಕರ್ನಾಟಕದ ಪ್ರಯೋಗ

ಎಚ್-1 ನಿಯಮಕ್ಕೂ ಬಹಳ ಮೊದಲೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಹತ್ತಿರದ ಸಕಲವಾರದಲ್ಲೂ, 1985ರಿಂದ ಬಳ್ಳಾರಿ ಜಿಲ್ಲೆಯಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗ ಚಿಕಿತ್ಸೆಯ ತರಬೇತಿ ಕೊಟ್ಟಿತು. ಬಳ್ಳಾರಿಯ ಮಾದರಿಯೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ಈಗ ಆತಂಕಕ್ಕೆ ಮೊದಲ ಆಯ್ಕೆ ಆ ಹಳೆಯ ಗುಳಿಗೆಯಲ್ಲ, ಎಸ್ಸಿಟಾಲೋಪ್ರಾಮ್‌ನಂಥ ಔಷಧ ಹಾಗೂ ಮಾತಿನ ಚಿಕಿತ್ಸೆ. ಆ ಔಷಧ ಫಲ ಕೊಡಲು ಕೆಲವು ವಾರ ಬೇಕು; ಮಾತಿನ ಚಿಕಿತ್ಸೆಗೆ ತರಬೇತಾದವರು ಹಳ್ಳಿಗಾಡಿನಲ್ಲಿ ವಿರಳ. ಮಾರ್ಚ್ 2020ರ ದೂರವೈದ್ಯ ಮಾರ್ಗಸೂಚಿ ಮಾದಕ ದ್ರವ್ಯ ಕಾಯ್ದೆಯ ಔಷಧಗಳನ್ನು ಫೋನಿನ ಸಲಹೆಯಲ್ಲಿ ಬರೆಯದಂತೆ ತಡೆದ ಮೇಲೆ ದೂರದ ಹಳ್ಳಿಯವರಿಗೆ ಹಳೆಯ ಗುಳಿಗೆಗಾಗಿ ಪ್ರಯಾಣ ಅನಿವಾರ್ಯವಾಯಿತು.

ತೀರ್ಮಾನ

ಹೊಸ ರೋಗಿಗೆ ಈ ಗುಳಿಗೆಯನ್ನು ದೀರ್ಘಕಾಲಕ್ಕೆ ಬರೆಯಲು ಅಳುಕುವುದು ಸರಿ. ಆದರೆ ಹತ್ತು ವರ್ಷ ನುಂಗಿದವರಿಗೆ ಒಮ್ಮೆಲೇ ಇಲ್ಲವೆನ್ನುವುದು ಎಚ್ಚರಿಕೆಯಲ್ಲ, ಅಪಾಯ. 1982ರಿಂದ 1994ರವರೆಗೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುಳಿಗೆ ಬಿಡಿಸುವ ಕ್ಲಿನಿಕ್ ನಡೆಸಿದ ಹೆದರ್ ಆ್ಯಶ್ಟನ್ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸುವ ಕ್ರಮವನ್ನು ಹೇಳಿಕೊಟ್ಟರು. ಅಷ್ಟು ಕಾಲ ಚೀಟಿ ಬರೆಯುವುದೂ ಚಿಕಿತ್ಸೆಯೇ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಹೀಗೆ ಇಳಿಸುವ ಕ್ರಮದ ತರಬೇತಿಯನ್ನೂ ಅದನ್ನು ನಿರ್ಭಯವಾಗಿ ಬಳಸುವ ಸ್ಪಷ್ಟ ನಿಯಮವನ್ನೂ ಸರ್ಕಾರ ಒದಗಿಸಬೇಕು.