ಗದಗಿನ ಅಂಗಡಿಯಲ್ಲಿ ಕೇಳಿದ ಠುಮ್ರಿ

ಭೀಮಸೇನ ಜೋಶಿಯವರು 1933ರಲ್ಲಿ ಗದಗಿನ ಮನೆ ಬಿಟ್ಟು ಓಡಿಹೋದ ಕಥೆಗೆ ಎರಡು ಪಾಠಗಳಿವೆ. ಒಂದು ತುಪ್ಪದ್ದು. ಊಟಕ್ಕೆ ಕೂತ ಹುಡುಗ ಅನ್ನಕ್ಕೆ ಇನ್ನಷ್ಟು ತುಪ್ಪ ಕೇಳಿದ, ಅವ್ವ ಹಾಕಲಿಲ್ಲ, ಸಿಟ್ಟಿಗೆದ್ದು ಸ್ಟೇಶನ್ನಿನ ದಾರಿ ಹಿಡಿದ. ಇನ್ನೊಂದು ಹಾಡಿನದ್ದು. ಅಂಗಡಿಯ ಗ್ರಾಮೋಫೋನಿನಲ್ಲಿ ಅಬ್ದುಲ್ ಕರೀಂ ಖಾನರ ‘ಪಿಯಾ ಬಿನ್ ನಾಹಿ ಆವತ ಚೈನ್’ ಕೇಳಿದ, ಹಾಗೆ ಹಾಡಬೇಕೆಂಬ ಹುಚ್ಚು ಹಿಡಿಯಿತು, ಗುರುವನ್ನು ಹುಡುಕಿಕೊಂಡು ಹೊರಟ. ಭಾಷಣ ಮಾಡುವವರಿಗೆ ಎರಡನೆಯದೇ ಪ್ರಿಯ. ನನಗೆ ಎರಡೂ ಬೇಕು. ಹನ್ನೊಂದು ವರ್ಷದ ಹುಡುಗನಿಗೆ ಮನೆ ಬಿಡಲು ತುಪ್ಪದಂಥ ಒಂದು ನೆಪ ಸಾಕು. ಆದರೆ ತುಪ್ಪಕ್ಕೆ ಮುನಿದವನು ಸಂಜೆಯೊಳಗೆ ಮರಳಿ ಬರುತ್ತಾನೆ, ಗ್ವಾಲಿಯರಿನ ತನಕ ಹೋಗುವುದಿಲ್ಲ.

ಸಂಗೀತದ ಹಿಂದೆ ಹೋಗುವ ಚಾಳಿ ಈ ಹುಡುಗನಿಗೆ ಮೊದಲಿನಿಂದ ಇತ್ತು. ಭಜನೆಯ ಮೇಳವೋ ಬಾಜಾಬಜಂತ್ರಿಯ ಮೆರವಣಿಗೆಯೋ ಹೊರಟರೆ ಬೆನ್ನು ಹತ್ತಿ, ದಣಿದು, ಎಲ್ಲೋ ಒಂದು ಕಡೆ ಮಲಗಿಬಿಡುತ್ತಿದ್ದ. ಹುಡುಕಿ ಬೇಸತ್ತ ತಂದೆ ಗುರುರಾಜ ಜೋಶಿ ಮಾಸ್ತರರು ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರಂತೆ. ಕಂಡವರು ಓದಿ ಮನೆಗೆ ಮುಟ್ಟಿಸುತ್ತಿದ್ದರು. ಗದಗಿಗೆ ಹತ್ತಿರದ ಕುರ್ತಕೋಟಿಯ ಚನ್ನಪ್ಪನವರಲ್ಲಿ ಆರಂಭದ ಪಾಠವೂ ಆಗಿತ್ತು. ಹಾಗಿದ್ದ ಮೇಲೆ ಆ ರೆಕಾರ್ಡಿನಲ್ಲಿ ಹೊಸದೇನು ಕೇಳಿಸಿತು?

ಹಾಡು ವಿರಹದ್ದು. ನಲ್ಲನಿಲ್ಲದೆ ನೆಮ್ಮದಿಯಿಲ್ಲ ಎನ್ನುವ ಹೆಣ್ಣಿನ ಮಾತು, ಅದೂ ಉತ್ತರದ ನುಡಿಯಲ್ಲಿ. ಹಾಡಿದವರು ಉತ್ತರದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದ ಗಂಡಸು. ಕೇಳಿದವನು ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಶಾಲೆ ಕಲಿಯುತ್ತಿದ್ದ, ಮನೆಯಲ್ಲಿ ಕನ್ನಡ ಆಡುವ ಹುಡುಗ. ನಲ್ಲನೂ ಗೊತ್ತಿಲ್ಲ, ವಿರಹವೂ ಗೊತ್ತಿಲ್ಲ. ಅವನನ್ನು ಹಿಡಿದದ್ದು ಹಾಡಿನ ಅರ್ಥವಲ್ಲ ಎಂಬುದು ಸ್ಪಷ್ಟ.

ಇಲ್ಲಿ ಠುಮ್ರಿಯ ಚರಿತ್ರೆಯನ್ನು ಸ್ವಲ್ಪ ನೆನೆಯಬೇಕು. ಠುಮ್ರಿ ಬೆಳೆದದ್ದು ಲಖನೌ, ಬನಾರಸ್‌ಗಳ ಹಾಡುವ ಹೆಣ್ಣುಮಕ್ಕಳ ಕೋಠಿಗಳಲ್ಲಿ. ಅಲ್ಲಿ ಅದು ಕೇಳುವಷ್ಟೇ ನೋಡುವ ಹಾಡು. ಒಂದೇ ಸಾಲನ್ನು ಹತ್ತು ಬಗೆಯಲ್ಲಿ ತಿರುಗಿಸುವಾಗ ಕಣ್ಣು, ಕೈ, ಹುಬ್ಬುಗಳೂ ಹಾಡುತ್ತವೆ. 1902ರಲ್ಲಿ ಗ್ರಾಮೋಫೋನ್ ಕಂಪನಿ ಕಲಕತ್ತೆಗೆ ಬಂದಾಗ ಮೊದಮೊದಲು ದನಿ ಕೊಟ್ಟ ಗೌಹರ್ ಜಾನ್ ಇದೇ ಪರಂಪರೆಯವರು. ಅರಗಿನ ತಟ್ಟೆಯ ಒಂದು ಬದಿಗೆ ಮೂರು, ಮೂರೂವರೆ ನಿಮಿಷ. ನಿಮಿಷಕ್ಕೆ 78 ಸುತ್ತು. ತಟ್ಟೆ ಹಾಡನ್ನು ಒಯ್ದಿತು, ಹುಬ್ಬನ್ನು ಒಯ್ಯಲಿಲ್ಲ.

ಅಬ್ದುಲ್ ಕರೀಂ ಖಾನರ ಠುಮ್ರಿಗೆ ಇದರಿಂದ ನಷ್ಟವೇನೂ ಆಗಲಿಲ್ಲ ಎಂಬುದು ನನ್ನ ಅನಿಸಿಕೆ. ಈಗ ಮೊಬೈಲಿನಲ್ಲಿ ಸುಲಭವಾಗಿ ಸಿಗುವ ಆ ಧ್ವನಿಮುದ್ರಣವನ್ನು ಕೇಳಿ ನೋಡಿ. ಮಾತಿನ ಜೊತೆ ಆಟವಾಡುವ ಪೂರಬ್ ಶೈಲಿ ಇಲ್ಲಿಲ್ಲ. ಝಿಂಝೋಟಿಯ ಸ್ವರಗಳನ್ನು ಖಯಾಲಿನ ಆಲಾಪದ ಹಾಗೆ ಒಂದಕ್ಕೊಂದು ಹೊಸೆಯುತ್ತಾರೆ. ತೆಳ್ಳಗಿನ, ಎತ್ತರದ, ತುಸು ಮೂಗಿನ ದನಿ ಸ್ವರದ ಮೇಲೆ ನಿಂತರೆ ಅಲುಗುವುದಿಲ್ಲ. ಪದಗಳು ಸ್ವರಕ್ಕೆ ಆಸರೆ ಮಾತ್ರ. ನೋಡುವ ಹಾಡನ್ನು ಅವರು ಕೇಳುವ ಹಾಡಾಗಿ ಮಾಡಿಯಾಗಿತ್ತು, ಯಂತ್ರಕ್ಕೆ ಕಳೆಯಲು ಉಳಿದದ್ದು ಕಡಿಮೆ. ಭಾಷೆ ಬಾರದ ಹುಡುಗನಿಗೂ ಅದು ಇಡಿಯಾಗಿ ಸಿಕ್ಕಿದ್ದರಲ್ಲಿ ಅಚ್ಚರಿಯಿಲ್ಲ. ಇದೇ ಠುಮ್ರಿಯನ್ನು ಕೆ. ಎಲ್. ಸೈಗಲ್ ಬರುವಾ ನಿರ್ದೇಶನದ ಹಿಂದಿ ‘ದೇವದಾಸ್’ ಚಿತ್ರಕ್ಕೆ ಹಾಡಿದರು. ಅಲ್ಲಿ ಕುಡಿದು ಸೊರಗಿದ ಪ್ರೇಮಿಯ ಮುಖ ಹಾಡಿಗೆ ಅಂಟಿಕೊಂಡಿದೆ. ಸೈಗಲ್ ಚೆನ್ನಾಗಿಯೇ ಹಾಡಿದ್ದಾರೆ, ಆದರೆ ಅದು ದೇವದಾಸನ ಹಾಡು. ಖಾನರದ್ದು ಯಾರದೂ ಅಲ್ಲ.

ಹಾಗಂತ ಖಾನರ ಬದುಕಿನಲ್ಲಿ ಪ್ರೇಮಕ್ಕೆ ಬರವಿರಲಿಲ್ಲ. ಬರೋಡಾ ಆಸ್ಥಾನದಲ್ಲಿದ್ದಾಗ ಸರದಾರ ಮನೆತನದ ತಾರಾಬಾಯಿ ಮಾನೆಯವರೊಂದಿಗೆ ಊರು ಬಿಟ್ಟು ಬಂದವರು ಅವರು. ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ, ಸರಸ್ವತಿ ರಾಣೆ ಇವರ ಮಕ್ಕಳು. 1922ರಲ್ಲಿ ತಾರಾಬಾಯಿ ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಆ ನೋವೇ ಈ ಠುಮ್ರಿಯಲ್ಲಿ ಕೇಳುತ್ತದೆ ಎಂದು ಬರೆಯುವುದು ಸುಲಭ, ಓದಲೂ ಚೆನ್ನ. ನಾನು ಹಾಗೆ ಬರೆಯಲಾರೆ. ಕಲಾವಿದನ ಹಾಡಿಗೆಲ್ಲ ಅವನ ಸಂಸಾರವನ್ನು ಸಾಕ್ಷಿಗೆ ಕರೆಯುವುದು ಆ ಹಾಡಿಗೇ ಅನ್ಯಾಯ.

ಖಾನರು ನೆಲೆಸಿದ್ದು ಮಿರಜಿನಲ್ಲಿ. ಮಿರಜ್ ನಮಗೆ ಈಗ ಮಹಾರಾಷ್ಟ್ರದ ಊರು, ಆಗ ಅಷ್ಟು ದೂರದ್ದಲ್ಲ. ಲಕ್ಷ್ಮೇಶ್ವರ ಮಿರಜ್ ಸಂಸ್ಥಾನಕ್ಕೆ ಸೇರಿತ್ತು, ಶಿರಹಟ್ಟಿ ಸಾಂಗಲಿಗೆ, ಕುಂದಗೋಳ ಜಮಖಂಡಿಗೆ. ಮೂರೂ ಪಟವರ್ಧನ ಮನೆತನದ ಸಂಸ್ಥಾನಗಳು. ಗದಗ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಹೀಗೆ ತುಂಡುತುಂಡಾಗಿ ಹಂಚಿಹೋಗಿದ್ದ ನಾಡಿನಲ್ಲಿ ಅರ್ಜಿ, ಕಂದಾಯ, ತಂಟೆ ತಕರಾರುಗಳಿಗೆ ಲಕ್ಷ್ಮೇಶ್ವರದವರು ನೋಡಬೇಕಾಗಿದ್ದುದು ಮಿರಜಿನ ಕಡೆಗೆ. ಸಂಗೀತಗಾರರು ಓಡಾಡಿದ್ದೂ ಇಂಥವೇ ದಾರಿಗಳಲ್ಲಿ. 1884ರಲ್ಲಿ ಹೊಟಗಿಯಿಂದ ಗದಗಿಗೆ ಸದರ್ನ್ ಮರಾಠಾ ರೈಲ್ವೆಯ ಹಳಿ ಬಂತು. ಗದಗ ಹತ್ತಿಯ ಪೇಟೆಯಾಗಿ ಬೆಳೆಯಿತು. ಹತ್ತಿ ಪೇಟೆಯಲ್ಲಿ ರೊಕ್ಕ, ರೊಕ್ಕವಿದ್ದಲ್ಲಿ ನಾಟಕ ಕಂಪನಿ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಊರು ಇದೇ. ಅಂಗಡಿಯಲ್ಲೊಂದು ಗ್ರಾಮೋಫೋನ್ ಹಾಡುತ್ತಿತ್ತು ಎಂದರೆ ಅದರ ಹಿಂದೆ ಇಷ್ಟೆಲ್ಲ ಇದೆ. ಗ್ರಾಮೋಫೋನನ್ನು ಮನೆಗೆ ಕೊಳ್ಳಲಾಗದ ಮಾಸ್ತರರ ಮಗನಿಗೆ ಬೀದಿಯಲ್ಲಿ ನಿಂತು ಪುಕ್ಕಟೆ ಕೇಳುವ ಅವಕಾಶ ಸಿಕ್ಕಿದ್ದು ಹೀಗೆ.

ಮುಂದಿನದು ಎಲ್ಲರಿಗೂ ಗೊತ್ತಿದ್ದದ್ದೇ. ಟಿಕೆಟ್ಟಿಲ್ಲದ ರೈಲು ಪ್ರಯಾಣ, ಗ್ವಾಲಿಯರ್, ಜಾಲಂಧರ. ಗುರು ನಿನ್ನ ಊರಿನ ಬಳಿಯೇ ಇದ್ದಾರೆ, ಹಿಂದಿರುಗು ಎಂದು ಜಾಲಂಧರದಲ್ಲಿ ಭೆಟ್ಟಿಯಾದ ವಿನಾಯಕರಾವ್ ಪಟವರ್ಧನರು ಹೇಳಿದರು. ಆ ಗುರು ಕುಂದಗೋಳದ ಸವಾಯಿ ಗಂಧರ್ವರು, ಅಬ್ದುಲ್ ಕರೀಂ ಖಾನರ ಶಿಷ್ಯರು. ಗದಗಿನಿಂದ ಒಂದು ಹಗಲಿನ ಹಾದಿಯೂ ಅಲ್ಲದ ಊರಿಗೆ ಹುಡುಗ ಪಂಜಾಬ್ ಸುತ್ತಿ ಬಂದಿದ್ದ. 1936ರಿಂದ 1940ರ ತನಕ ಅಲ್ಲಿದ್ದ. ಮನೆಗೆಲಸ ಮಾಡಿದ, ನೀರು ಹೊತ್ತ. ಗುರು ಕಲಿಸಿದ್ದು ಮುಖ್ಯವಾಗಿ ತೋಡಿ, ಮುಲ್ತಾನಿ, ಪೂರಿಯಾ. ಯಾವ ಠುಮ್ರಿಗಾಗಿ ಮನೆ ಬಿಟ್ಟಿದ್ದನೋ ಅದು ಆ ಪಟ್ಟಿಯಲ್ಲಿಲ್ಲ. ಖಾನರ ಮುಂದೆ ಕೂತು ಕಲಿಯುವ ಕಾಲವೂ ಮೀರುತ್ತಿತ್ತು. 1937ರ ಅಕ್ಟೋಬರ್ 27ರಂದು, ಪಾಂಡಿಚೇರಿಗೆ ಹೊರಟಿದ್ದ ಅವರು ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ಎಂಬ ರೈಲು ನಿಲ್ದಾಣದಲ್ಲಿ ತೀರಿಕೊಂಡರು.

ಅದೇ ಕುಂದಗೋಳಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಳ್ಳುತ್ತಿದ್ದವರು ಗಂಗೂಬಾಯಿ ಹಾನಗಲ್. ಹಾಡುವ ಹೆಣ್ಣುಮಕ್ಕಳ ಮನೆತನದಲ್ಲಿ 1913ರಲ್ಲಿ ಹುಟ್ಟಿದ, ಭೀಮಸೇನರಿಗಿಂತ ಒಂಬತ್ತು ವರ್ಷ ಹಿರಿಯ ಗುರುಬಾಯಿ. ಹುಡುಗ ಧ್ವನಿಮುದ್ರಣದ ಕನಸು ಕಾಣುವ ಹೊತ್ತಿಗಾಗಲೇ ಆಕೆಯ ರೆಕಾರ್ಡುಗಳು ಬಂದಿದ್ದವು. ಬೀದಿಯಲ್ಲಿ ನಡೆದರೆ ‘ಗಾನೇವಾಲಿ’ ಎಂದು ಕೂಗಿಸಿಕೊಂಡದ್ದನ್ನೂ ಆಕೆ ಕಂಡವರು. ಆರಂಭದಲ್ಲಿ ಆಕೆ ಠುಮ್ರಿ, ಭಜನೆಗಳನ್ನೂ ಹಾಡುತ್ತಿದ್ದರು. 1945ರ ನಂತರ ಅವನ್ನೆಲ್ಲ ಬಿಟ್ಟು ಖಯಾಲಿಗೆ ನಿಂತರು. ಸಾಮಾನ್ಯವಾಗಿ ಇದನ್ನು ರಾಗಶುದ್ಧಿಯ ನಿಷ್ಠೆ ಎಂದು ಹೊಗಳುತ್ತಾರೆ. ನಿಷ್ಠೆ ಇತ್ತು, ನಿಜ. ಆದರೆ ಇದನ್ನು ಆಕೆ ಹುಟ್ಟಿದ ಮನೆತನದಿಂದ ಬೇರೆ ಮಾಡಿ ಓದಲು ನನಗೆ ಸಾಧ್ಯವಾಗುತ್ತಿಲ್ಲ. ಪ್ರೇಮದ ಹಾಡು ಮಾಸ್ತರರ ಮಗನ ಕೊರಳಲ್ಲಿ ಕಲೆ, ಅಂಬಾಬಾಯಿಯ ಮಗಳ ಕೊರಳಲ್ಲಿ ಕುಲದ ಗುರುತು. ಭೀಮಸೇನರು ಕಛೇರಿಯ ಕೊನೆಗೆ ಠುಮ್ರಿ ಎತ್ತಿಕೊಂಡರೆ ಸಭೆ ಕಣ್ಣು ಮುಚ್ಚಿ ಕೇಳುತ್ತಿತ್ತು, ಅವರನ್ನು ಯಾರೂ ಏನೂ ಕೂಗಲಿಲ್ಲ.

ಕುಂದಗೋಳದಲ್ಲಿ ಪಾಠ ಮುಗಿದು ಕತ್ತಲಾದ ಮೇಲೆ ಗಂಗೂಬಾಯಿಯವರನ್ನು ಸ್ಟೇಶನ್ನಿನ ತನಕ ಬಿಟ್ಟು ಬರುವ ಕೆಲಸ ಹುಡುಗ ಭೀಮಸೇನನದಾಗಿತ್ತು.