ನ್ಯೂಪೋರ್ಟ್ 1956: ಎಲಿಂಗ್ಟನ್ ಕಛೇರಿಯ ಎರಡು ಪಾಠಗಳು

1956ರ ಜುಲೈ 7ರ ಶನಿವಾರ ರಾತ್ರಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟಿನಲ್ಲಿ ಡ್ಯೂಕ್ ಎಲಿಂಗ್ಟನ್ ವಾದ್ಯವೃಂದ ನಡೆಸಿಕೊಟ್ಟ ಕಛೇರಿಗೆ ಎರಡು ಧ್ವನಿಪಾಠಗಳಿವೆ. ಒಂದು, ಅದೇ ವರ್ಷ ಕೊಲಂಬಿಯಾ ಸಂಸ್ಥೆ ಹೊರತಂದ ಎಲ್‌ಪಿ ತಟ್ಟೆ. ಇನ್ನೊಂದು, 1999ರಲ್ಲಿ ಫಿಲ್ ಶಾಪ್ ಸಿದ್ಧಪಡಿಸಿದ ಎರಡು ಸಿ.ಡಿ.ಗಳ ಪೂರ್ಣ ಆವೃತ್ತಿ. ಎರಡನೆಯದು ಬಂದ ಮೇಲೆ ಒಂದು ಅಭಿಪ್ರಾಯ ಬಲವಾಗಿ ಬೇರೂರಿತು: ಮೊದಲನೆಯದು ಕೃತಕ, ಎರಡನೆಯದೇ ಮೂಲ, ಇಷ್ಟು ವರ್ಷ ಕೇಳುಗರು ಮೆಚ್ಚಿದ್ದು ಸ್ಟುಡಿಯೊದಲ್ಲಿ ಕಟ್ಟಿದ ಕಛೇರಿಯನ್ನು. ಈ ಅಭಿಪ್ರಾಯದ ಅರ್ಧಭಾಗ ಸರಿ, ಉಳಿದರ್ಧ ಮರುಪರಿಶೀಲನೆಗೆ ಅರ್ಹ ಎಂಬುದು ಪ್ರಸ್ತುತ ಲೇಖನದ ವಾದ. ಈ ಕಛೇರಿಯ ಮೇಲಿನ ಮೆಚ್ಚುಗೆ ದಶಕಗಳ ಕಾಲ ಮಾಸದೆ ಉಳಿದದ್ದು ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಎರಡೂ ಪಾಠಗಳನ್ನು ಎದುರುಬದುರಾಗಿ ಇಟ್ಟು ನೋಡಬೇಕು.

ಒಪ್ಪಿತ ಸಂಗತಿಗಳು

ಕಛೇರಿಯ ಹಿನ್ನೆಲೆಯ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಭಿನ್ನಮತವಿಲ್ಲ. ಐವತ್ತರ ದಶಕದ ಮೊದಲರ್ಧ ಎಲಿಂಗ್ಟನ್‌ಗೆ ಕಷ್ಟದ ಕಾಲ. ದೊಡ್ಡ ವಾದ್ಯವೃಂದಗಳು ಒಂದೊಂದಾಗಿ ಮುಚ್ಚುತ್ತಿದ್ದವು. 1951ರಲ್ಲಿ ಆಲ್ಟೊ ಸ್ಯಾಕ್ಸೊಫೋನ್ ವಾದಕ ಜಾನಿ ಹಾಜಸ್, ಡ್ರಮ್ಸ್ ವಾದಕ ಸನ್ನಿ ಗ್ರಿಯರ್ ಮುಂತಾದವರು ತಂಡ ಬಿಟ್ಟರು. 1955ರ ಬೇಸಿಗೆಯಲ್ಲಿ ಈ ತಂಡ ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಜಲಕ್ರೀಡೆಯ ಪ್ರದರ್ಶನವೊಂದಕ್ಕೆ ವಾದ್ಯ ನುಡಿಸುವ ಸ್ಥಿತಿಗೆ ಬಂದಿತ್ತು. ಅದೇ ವರ್ಷ ಹಾಜಸ್ ಮರಳಿದರು. ಬಲವಾದ ಪೆಟ್ಟಿನ ಸ್ಯಾಮ್ ವುಡ್‌ಯಾರ್ಡ್ ಡ್ರಮ್ಸ್‌ಗೆ ಕುಳಿತರು.

ಜಾರ್ಜ್ ವೀನ್ 1954ರಲ್ಲಿ ಆರಂಭಿಸಿದ ನ್ಯೂಪೋರ್ಟ್ ಜಾಝ್ ಉತ್ಸವದ ಕೊನೆಯ ರಾತ್ರಿ, ಫ್ರೀಬಾಡಿ ಪಾರ್ಕಿನಲ್ಲಿ ಎಲಿಂಗ್ಟನ್ ತಂಡ ಮೊದಲು ಕೆಲವು ವಾದಕರಿಲ್ಲದೆಯೇ ಚುಟುಕಾಗಿ ನುಡಿಸಿ ಕೆಳಗಿಳಿಯಿತು. ಮತ್ತೆ ವೇದಿಕೆ ಹತ್ತುವಾಗ ನಡುರಾತ್ರಿ ಸಮೀಪಿಸಿತ್ತು. ಬಿಲಿ ಸ್ಟ್ರೇಹಾರ್ನ್ ಜತೆಗೂಡಿ ಉತ್ಸವಕ್ಕೆಂದೇ ರಚಿಸಿದ ಮೂರು ಭಾಗಗಳ ಕೃತಿ, ಆಮೇಲೆ ಎರಡು ಪರಿಚಿತ ರಚನೆಗಳು ಮುಗಿದ ಬಳಿಕ ಎಲಿಂಗ್ಟನ್ 1937ರ ಹಳೆಯ ಕೃತಿಯೊಂದನ್ನು ಕೈಗೆತ್ತಿಕೊಂಡರು: ‘ಡಿಮಿನ್ಯುಯೆಂಡೊ ಅಂಡ್ ಕ್ರೆಶೆಂಡೊ ಇನ್ ಬ್ಲೂ’. ಮೊದಲ ಭಾಗದಲ್ಲಿ ನಾದ ಹಂತಹಂತವಾಗಿ ಇಳಿಯುತ್ತದೆ, ಎರಡನೆಯದರಲ್ಲಿ ಏರುತ್ತದೆ. 1937ರಲ್ಲಿ ಇದನ್ನು 78 ಸುತ್ತುಗಳ ತಟ್ಟೆಯ ಎರಡು ಮಗ್ಗುಲುಗಳಲ್ಲಿ ಹಂಚಿ ಧ್ವನಿಮುದ್ರಿಸಿದ್ದರು. ನ್ಯೂಪೋರ್ಟಿನಲ್ಲಿ ಆ ಎರಡು ಭಾಗಗಳ ನಡುವಿನ ತೆರಪನ್ನು ಟೆನರ್ ಸ್ಯಾಕ್ಸೊಫೋನ್ ವಾದಕ ಪಾಲ್ ಗೊನ್ಸಾಲ್ವಿಸ್ ಹನ್ನೆರಡು ಅಳತೆಗಳ ಬ್ಲೂಸ್ ಆವರ್ತದಲ್ಲಿ, ಬಿಡುವಿಲ್ಲದೆ 27 ಆವರ್ತಗಳ ಮನೋಧರ್ಮದಿಂದ ತುಂಬಿದರು. ಅಂದರೆ 324 ಅಳತೆಗಳು, ಆರು ನಿಮಿಷಕ್ಕೂ ಹೆಚ್ಚು ಕಾಲ. ಜನ ಎದ್ದು ನಿಂತರು, ಕುಣಿದರು. ಆಗಸ್ಟ್ 20ರ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಎಲಿಂಗ್ಟನ್ ಚಿತ್ರ ಬಂತು. ಎಲ್‌ಪಿ ಅವರ ಜೀವಮಾನದಲ್ಲೇ ಅತಿ ಹೆಚ್ಚು ಮಾರಾಟವಾದ ತಟ್ಟೆಯಾಯಿತು.

ಈ ಘಟನೆಯನ್ನು ಜಾನ್ ಫಾಸ್ ಮಾರ್ಟನ್ 2008ರಲ್ಲಿ ಇಡೀ ಗ್ರಂಥವಾಗಿ ಬರೆದರು. ಹಾರ್ವಿ ಕೋಹೆನ್ (2010) ಮತ್ತು ಟೆರಿ ಟೀಚೌಟ್ (2013) ಎಲಿಂಗ್ಟನ್ ಕುರಿತ ತಮ್ಮ ಗ್ರಂಥಗಳಲ್ಲಿ ಇದಕ್ಕೆ ಜಾಗ ಕೊಟ್ಟಿದ್ದಾರೆ. ಡ್ಯಾರೆನ್ ಮ್ಯುಲರ್ 2014ರ ಪ್ರಬಂಧದಲ್ಲಿ ಎಲ್‌ಪಿಯ ಧ್ವನಿನಿರ್ಮಾಣವನ್ನೇ ಅಧ್ಯಯನದ ವಸ್ತುವಾಗಿ ಎತ್ತಿಕೊಂಡಿದ್ದಾರೆ.

ವಿವಾದದ ಮೂಲ

ಎಲ್‌ಪಿಯ ಮೇಲಿನ ಆಕ್ಷೇಪಗಳಿಗೆ ಆಧಾರವಿದೆ. ಹೊಸ ಕೃತಿಗೆ ಸಾಕಷ್ಟು ತಾಲೀಮು ಆಗಿರಲಿಲ್ಲ. ಹಾಗಾಗಿ ನಿರ್ಮಾಪಕ ಜಾರ್ಜ್ ಅವಾಕಿಯನ್ ಜುಲೈ 9ರಂದು ತಂಡವನ್ನು ನ್ಯೂಯಾರ್ಕಿನ ಸ್ಟುಡಿಯೊಗೆ ಕರೆಸಿ ಹಲವು ಭಾಗಗಳನ್ನು ಮತ್ತೆ ನುಡಿಸುವಂತೆ ಮಾಡಿದರು. ಅದಕ್ಕೆ ವೇದಿಕೆಯ ತುಣುಕುಗಳನ್ನೂ ಚಪ್ಪಾಳೆಯನ್ನೂ ಬೆಸೆದರು. ‘ಡಿಮಿನ್ಯುಯೆಂಡೊ’ ವೇದಿಕೆಯದೇ ಆದರೂ ಅದರಲ್ಲಿ ಬೇರೆ ತೊಡಕಿತ್ತು. ವೇದಿಕೆಯ ಮೇಲೆ ಕೊಲಂಬಿಯಾದ ಮೈಕುಗಳ ಜತೆಗೆ ವಾಯ್ಸ್ ಆಫ್ ಅಮೆರಿಕ ಬಾನುಲಿಯ ಮೈಕೂ ಇತ್ತು. ಗೊನ್ಸಾಲ್ವಿಸ್ ನುಡಿಸಿದ್ದು ಬಾನುಲಿಯ ಮೈಕಿಗೆ. ಕೊಲಂಬಿಯಾದ ಟೇಪಿನಲ್ಲಿ ಆ ಇರುಳಿನ ನಾಯಕವಾದ್ಯವೇ ದೂರದಲ್ಲೆಲ್ಲೋ ಕೇಳಿದಂತೆ ದಾಖಲಾಯಿತು. ತೊಂಬತ್ತರ ದಶಕದಲ್ಲಿ ಬಾನುಲಿಯ ಟೇಪು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿತು. ಶಾಪ್ ಮತ್ತು ಸಂಗಡಿಗರು ಎರಡು ಏಕವಾಹಿನಿ ಟೇಪುಗಳನ್ನೂ ಕಾಲಕ್ಕೆ ಸರಿಯಾಗಿ ಹೊಂದಿಸಿ ಸ್ಟೀರಿಯೊ ಮಾಡಿದರು. ಸ್ಯಾಕ್ಸೊಫೋನಿನ ಪ್ರತಿ ಉಸಿರೂ ಆಗ ಸ್ಪಷ್ಟವಾಯಿತು.

ಇದು ದೊಡ್ಡ ಸಾಧನೆ. ಆದರೆ ಇದರಿಂದ ಹೊರಟ ತೀರ್ಮಾನ ಬೇರೆ ಮಾತು. ಕನ್ನಡ ಗ್ರಂಥಸಂಪಾದನೆಯ ಶಿಸ್ತು ಇಲ್ಲಿ ನೆರವಿಗೆ ಬರುತ್ತದೆ. ಹೊಸ ಹಸ್ತಪ್ರತಿ ಸಿಕ್ಕಿದ ಮಾತ್ರಕ್ಕೆ ಹಳೆಯದನ್ನು ತಳ್ಳಿಹಾಕುವಂತಿಲ್ಲ, ಎರಡು ಪ್ರತಿಗಳನ್ನು ಬೆರೆಸಿ ಸಿದ್ಧಪಡಿಸಿದ ಪಾಠವನ್ನು ಕವಿಯ ಸ್ವಹಸ್ತಪ್ರತಿ ಎಂದು ಕರೆಯುವಂತೆಯೂ ಇಲ್ಲ. 1999ರ ಆವೃತ್ತಿ ಅಂಥ ಸಂಪಾದಿತ ಪಾಠ. ಒಂದು ಟೇಪು ಎಡಕ್ಕೆ, ಇನ್ನೊಂದು ಬಲಕ್ಕೆ ನಿಂತ ಆ ಸ್ಟೀರಿಯೊ ನಾದವನ್ನು ಫ್ರೀಬಾಡಿ ಪಾರ್ಕಿನಲ್ಲಿ ಕುಳಿತ ಯಾರೂ ಕೇಳಿರಲಿಲ್ಲ. ಅದು ಶ್ರೇಷ್ಠ ಸಂಪಾದನೆ ಎಂಬುದರಲ್ಲಿ ಸಂದೇಹವಿಲ್ಲ. ಅದೇ ಘಟನೆ ಎಂಬುದನ್ನು ಒಪ್ಪಲಾಗದು.

ಕ್ರಮವ್ಯತ್ಯಾಸದ ಸಾಕ್ಷ್ಯ

ಎರಡು ಪಾಠಗಳ ನಡುವೆ ಅತಿ ಮುಖ್ಯವಾದ ಭೇದ ನಾದದಲ್ಲಿಲ್ಲ, ಕ್ರಮದಲ್ಲಿದೆ. ಇದರತ್ತ ಹೋಗಬೇಕಾದಷ್ಟು ಗಮನ ಹೋಗಿಲ್ಲ ಎಂದು ನನ್ನ ಭಾವನೆ. ವೇದಿಕೆಯ ಮೇಲೆ ‘ಡಿಮಿನ್ಯುಯೆಂಡೊ’ ಮುಗಿದಾಗ ಜನ ಹತೋಟಿ ಮೀರುವಂತಿದ್ದರು. ಕಛೇರಿ ನಿಲ್ಲಿಸಬೇಕೆಂದು ವ್ಯವಸ್ಥಾಪಕರು ಒತ್ತಾಯಿಸಿದರು. ಎಲಿಂಗ್ಟನ್ ಒಪ್ಪದೆ ಹಾಜಸ್‌ರನ್ನು ಮುಂದಕ್ಕೆ ಕರೆದು ನಿಧಾನಗತಿಯ ‘ಐ ಗಾಟ್ ಇಟ್ ಬ್ಯಾಡ್’, ಆಮೇಲೆ ‘ಜೀಪ್ಸ್ ಬ್ಲೂಸ್’ ನುಡಿಸಿದರು. ಹಾಜಸ್ ಅವರ ತುಂಬುನಾದ ಜನರನ್ನು ತಣಿಸಿತು. ಕಛೇರಿ ಇನ್ನೂ ಮುಂದುವರಿಯಿತು. 1999ರ ಆವೃತ್ತಿಯಲ್ಲಿ ಎಲಿಂಗ್ಟನ್ ಮತ್ತು ವ್ಯವಸ್ಥಾಪಕರ ನಡುವಿನ ಈ ಎಳೆದಾಟವೂ ಕಿವಿಗೆ ಬೀಳುತ್ತದೆ.

ಎಲ್‌ಪಿಯಲ್ಲಿ ಕ್ರಮ ತಿರುಗುಮುರುಗು. ಎರಡನೆಯ ಮಗ್ಗುಲಿನಲ್ಲಿ ಮೊದಲು ‘ಜೀಪ್ಸ್ ಬ್ಲೂಸ್’, ಆಮೇಲೆ ಸುಮಾರು ಹದಿನಾಲ್ಕೂವರೆ ನಿಮಿಷಗಳ ‘ಡಿಮಿನ್ಯುಯೆಂಡೊ’. ಏರಿದ ಜ್ವರ ಇಳಿಯುವ ಮೊದಲೇ ಸೂಜಿ ತಟ್ಟೆಯ ಒಳ ಅಂಚು ಮುಟ್ಟುತ್ತದೆ. ಪಾರ್ಕಿನಲ್ಲಿದ್ದವರಿಗೆ ಎಲಿಂಗ್ಟನ್ ಜನರನ್ನು ಕೆರಳಿಸಲೂ ಸಂತೈಸಲೂ ಬಲ್ಲ ನಾಯಕ. ಎಲ್‌ಪಿ ಕೇಳಿದವರಿಗೆ ಕೆರಳಿಸಿ ಅಲ್ಲಿಗೇ ಬಿಟ್ಟ ನಾಯಕ. ಸ್ಟುಡಿಯೊದ ಮರುನುಡಿಕೆಗಿಂತ ಅವಾಕಿಯನ್ ಅವರ ಈ ಸಂಪಾದಕೀಯ ನಿರ್ಧಾರ ಕಛೇರಿಯ ಅರ್ಥವನ್ನು ಹೆಚ್ಚು ಬದಲಿಸಿತು.

ಮುಖ್ಯ ವಾದ

ಈಗ ಕೇಂದ್ರ ಪ್ರಶ್ನೆ. ಈ ಕಛೇರಿಯ ಕೀರ್ತಿ ಗೊನ್ಸಾಲ್ವಿಸ್ ನುಡಿಸಿದ ಸ್ವರಗಳ ಮೇಲೆ ನಿಂತಿದೆ ಎಂಬುದು ರೂಢಿಯ ನಂಬಿಕೆ. ಇದಕ್ಕೆ ಕಾಲಾನುಕ್ರಮವೇ ಅಡ್ಡ ಬರುತ್ತದೆ. ಆ ಸ್ವರಗಳು ಚೆನ್ನಾಗಿ ಕೇಳಿಸಿದ್ದು 1999ರ ನಂತರ. ಕೀರ್ತಿ 1956ರಲ್ಲೇ ನೆಲೆಗೊಂಡಿತ್ತು, ಮುಂದಿನ 43 ವರ್ಷಗಳಲ್ಲಿ ಕುಗ್ಗಲಿಲ್ಲ. ಮಸುಕಾಗಿ ಕೇಳುವ ವಾದನವನ್ನು ಒಂದು ಇಡೀ ತಲೆಮಾರು ಮೆಚ್ಚಿದ್ದರೆ, ಆ ಮೆಚ್ಚುಗೆಗೆ ಸ್ವರಸಾಲಿನ ಆಚೆಗೂ ಕಾರಣ ಇರಬೇಕು.

ಆ ಕಾರಣ, ನನ್ನ ಓದಿನಂತೆ, ಒಬ್ಬ ವಾದಕ, ಅವನ ಬೆನ್ನಿಗೆ ನಿಂತ ಲಯವಾದ್ಯಗಳು, ಎದುರಿನ ಜನ—ಈ ಮೂವರ ನಡುವೆ ಆವರ್ತದಿಂದ ಆವರ್ತಕ್ಕೆ ಬಲಿಯುವ ಸಂಬಂಧ. ‘ಡಿಮಿನ್ಯುಯೆಂಡೊ’ದಲ್ಲಿ ಇತರ ಗಾಳಿವಾದ್ಯಗಳು ಸದ್ದಡಗಿಸಿದ ಮೇಲೆ ಗೊನ್ಸಾಲ್ವಿಸ್ ಜತೆ ಉಳಿಯುವುದು ಜಿಮ್ಮಿ ವುಡ್‌ರ ಬೇಸ್, ವುಡ್‌ಯಾರ್ಡ್‌ರ ಡ್ರಮ್ಸ್ ಮತ್ತು ಆಗೊಮ್ಮೆ ಈಗೊಮ್ಮೆ ಎಲಿಂಗ್ಟನ್‌ರ ಪಿಯಾನೊ. ಆವರ್ತದ ಅಳತೆ ಬದಲಾಗುವುದಿಲ್ಲ. ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳುವ ವುಡ್‌ಯಾರ್ಡ್‌ರ ಪೆಟ್ಟೂ ಸಡಿಲವಾಗುವುದಿಲ್ಲ. ಅವಾಕಿಯನ್ ತಟ್ಟೆಯ ಹೊದಿಕೆಯ ಟಿಪ್ಪಣಿಯಲ್ಲಿ ಏಳನೆಯ ಆವರ್ತದ ಸುಮಾರಿಗೆ ಕಪ್ಪು ಉಡುಪಿನ ಯುವತಿಯೊಬ್ಬಳು ಕುಣಿಯತೊಡಗಿದ್ದನ್ನು ದಾಖಲಿಸುತ್ತಾರೆ. ವೇದಿಕೆಯ ಅಂಚಿನಲ್ಲಿ ಕೌಂಟ್ ಬೇಸಿ ತಂಡದ ಹಳೆಯ ಡ್ರಮ್ಸ್ ವಾದಕ ಜೋ ಜೋನ್ಸ್ ಸುರುಳಿ ಸುತ್ತಿದ ವೃತ್ತಪತ್ರಿಕೆಯಿಂದ ತಾಳ ಬಡಿಯುತ್ತಿದ್ದರೆಂದೂ ಬರೆಯುತ್ತಾರೆ. ಅಲ್ಲಿಂದ ಮುಂದೆ ಎಲಿಂಗ್ಟನ್‌ರ ಕೂಗು, ಸಹವಾದಕರ ಹುರಿದುಂಬಿಕೆ, ಜನರ ಆರ್ಭಟ ಎಲ್ಲವೂ ಸಂಗೀತದ ಪದರಗಳಾಗುತ್ತವೆ. ಸ್ಯಾಕ್ಸೊಫೋನ್ ಹಿಂದೆ ಸರಿದ ಎಲ್‌ಪಿಯಲ್ಲಿ ಈ ಪದರಗಳೇ ಮುಂದೆ ಬಂದವು. ಮೈಕಿನ ತಪ್ಪು ಕೇಳುಗನನ್ನು ವೇದಿಕೆಯಿಂದ ಇಳಿಸಿ ಜನರ ನಡುವೆ ಕೂರಿಸಿತು.

ಈ ವಾದಕ್ಕೆ ಮಿತಿಗಳಿವೆ, ಅವನ್ನು ಸ್ಪಷ್ಟವಾಗಿ ಹೇಳಬೇಕು. ಒಂದು: ಎಲ್‌ಪಿಯಲ್ಲಿ ಗೊನ್ಸಾಲ್ವಿಸ್ ಪೂರ್ತಿ ಕಾಣೆಯಾಗಿಲ್ಲ, ಮಸುಕಾಗಿದ್ದಾರೆ, ಕೆಲವೆಡೆ ಸದ್ದಿನಲ್ಲಿ ಮುಳುಗಿದ್ದಾರೆ. ಎರಡು: ಆ ಜನರ ಸದ್ದು ಎಲ್ಲ ಕಡೆ ಆ ಕ್ಷಣದ್ದೇ ಅಲ್ಲ, ವಾದನದ ಮಸುಕನ್ನು ಮುಚ್ಚಲು ಚಪ್ಪಾಳೆ ಸೇರಿಸಲಾಗಿದೆ. ನನ್ನ ವಾದಕ್ಕೆ ಅತಿ ದೊಡ್ಡ ಅಪಾಯ ಇದೇ. ಎಲ್‌ಪಿಯ ಜನಘೋಷವನ್ನು ಮಾತ್ರ ನೆಚ್ಚಿದ್ದರೆ ವಾದ ಕುಸಿಯುತ್ತಿತ್ತು. ಆದರೆ ಬಾನುಲಿಯ ಟೇಪು ಸ್ವತಂತ್ರ ಸಾಕ್ಷಿ. ಅದರಲ್ಲೂ ಜನರ ಸದ್ದು ವಾದನದ ಜತೆಜತೆಗೇ ಏರುತ್ತದೆ. ಎಲ್‌ಪಿಯ ಸಂಪಾದಕರು ಆ ಸದ್ದನ್ನು ಹೆಚ್ಚಿಸಿದರು, ಹುಟ್ಟಿಸಲಿಲ್ಲ. ಎಲ್‌ಪಿಯನ್ನು ಕೃತಕ ಎನ್ನಲು ಬಳಕೆಯಾದ ಆಕರವೇ ಎಲ್‌ಪಿಯ ಕೇಂದ್ರಾನುಭವವನ್ನು ದೃಢಪಡಿಸುತ್ತದೆ. ಮೂರು: ಕೀರ್ತಿಯನ್ನು ಹರಡಿದ್ದು ಅವಾಕಿಯನ್‌ರ ಟಿಪ್ಪಣಿ ಮತ್ತು ‘ಟೈಮ್’ ಮುಖಪುಟವೇ ಹೊರತು ನಾದವಲ್ಲ ಎನ್ನಬಹುದು. ಮೊದಲ ವರ್ಷಗಳ ಮಾರಾಟದ ಮಟ್ಟಿಗೆ ಈ ಆಕ್ಷೇಪ ಸರಿ. ಪತ್ರಿಕೆಯ ಸಂಚಿಕೆ ಹಳತಾದ ಮೇಲೂ ಉಳಿದ ಮೆಚ್ಚುಗೆಯನ್ನು ಅದು ವಿವರಿಸಲಾರದು.

ಇನ್ನೊಂದು ಪುರಾವೆ ಹೋಲಿಕೆಯಿಂದ ಸಿಗುತ್ತದೆ. ಎರಡು ಭಾಗಗಳ ನಡುವೆ ಗೊನ್ಸಾಲ್ವಿಸ್ ನುಡಿಸುವ ಏರ್ಪಾಡು ಹೊಸದಲ್ಲ. 1951ರಲ್ಲೇ ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್‌ನಲ್ಲಿ ಅದು ನಡೆದಿತ್ತು. ನ್ಯೂಪೋರ್ಟಿನ ನಂತರವಂತೂ ಜನರ ಒತ್ತಾಯಕ್ಕೆ ಗೊನ್ಸಾಲ್ವಿಸ್ ಅದನ್ನು ಮತ್ತೆಮತ್ತೆ ನುಡಿಸಬೇಕಾಯಿತು. ಅದೇ ವಾದಕ, ಅದೇ ರಚನೆ. ಆ ಯಾವ ವಾದನಕ್ಕೂ ಈ ಸ್ಥಾನ ಸಿಗಲಿಲ್ಲ. ಸ್ವರಗಳೇ ಸಾಕಾಗಿದ್ದರೆ ಮರುವಾದನಗಳಲ್ಲಿ ಒಂದಾದರೂ ಸರಿಸಾಟಿಯಾಗಬೇಕಿತ್ತು.

ವಿಮರ್ಶೆಯ ಅಳತೆಗೋಲು

ವಿಮರ್ಶಕರು ಈ ವಾದನವನ್ನು ಬಹುಕಾಲ ಕೇವಲ ಜನಮರುಳು ಎಂದು ಕಾಣಲು ಅವರ ಕೈಯಲ್ಲಿದ್ದ ಅಳತೆಗೋಲೂ ಕಾರಣ. ನ್ಯೂಪೋರ್ಟಿಗೆ ಹದಿನೈದು ದಿನ ಮೊದಲು, 1956ರ ಜೂನ್ 22ರಂದು, ಸನ್ನಿ ರಾಲಿನ್ಸ್ ಟೆನರ್ ಸ್ಯಾಕ್ಸೊಫೋನಿನಲ್ಲೇ ‘ಬ್ಲೂ 7’ ಎಂಬ ಬ್ಲೂಸ್ ಧ್ವನಿಮುದ್ರಿಸಿದರು. ಗುಂಥರ್ ಶುಲರ್ 1958ರ ಪ್ರಸಿದ್ಧ ಲೇಖನದಲ್ಲಿ ಅದನ್ನು ಎತ್ತಿ ಹಿಡಿದರು: ಒಂದೇ ಬೀಜದಿಂದ ಇಡೀ ಮನೋಧರ್ಮ ಬೆಳೆಯುತ್ತದೆ, ಆದ್ದರಿಂದ ಅದಕ್ಕೆ ಏಕತೆಯಿದೆ ಎಂಬುದು ಅವರ ವಿಶ್ಲೇಷಣೆಯ ಸಾರ. ಲಿಖಿತ ಸಂಗೀತದ ವಿಮರ್ಶೆಯಿಂದ ಬಂದ ಈ ಅಳತೆ ರಾಲಿನ್ಸ್‌ಗೆ ಸಲ್ಲುತ್ತದೆ. ಗೊನ್ಸಾಲ್ವಿಸ್‌ಗೆ ಅದೇ ಗೋಲು ಹಿಡಿದರೆ ಕಾಣುವುದು ಪುನರಾವೃತ್ತಿ: ಚಿಕ್ಕ ಪಲುಕುಗಳು, ಮರಳಿ ಬರುವ ಸುತ್ತುಗಳು. ಆದರೆ ಪುನರಾವೃತ್ತಿ ಇಲ್ಲಿ ಕೊರತೆಯಲ್ಲ, ಕ್ರಮ. ಕುಣಿಯುವ ಜನರಿಗೆ ಕಾಲಿಡಲು ನೆಲ ಬೇಕು. ಆ ನೆಲವನ್ನು ಗೊನ್ಸಾಲ್ವಿಸ್ ಹಾಸಿಕೊಟ್ಟರು. ಏಕತೆ ಸ್ವರಗಳ ಒಳಗೆ ಮಾತ್ರ ಇರಬೇಕಿಲ್ಲ, ವಾದಕ ಮತ್ತು ಕೇಳುಗರ ನಡುವೆಯೂ ಇರಬಹುದು. ಗೊನ್ಸಾಲ್ವಿಸ್ ವಾದನ ಮುಗಿದು ಪಿಯಾನೊ ಸ್ವಲ್ಪ ಹೊತ್ತು ಒಂಟಿಯಾಗಿ ನಡೆದು, ವೃಂದವೆಲ್ಲ ‘ಕ್ರೆಶೆಂಡೊ’ಗೆ ಮರಳಿ, ಕೊನೆಗೆ ಕ್ಯಾಟ್ ಆಂಡರ್ಸನ್‌ರ ಟ್ರಂಪೆಟ್ ತಾರಸ್ಥಾಯಿಯ ತುದಿ ಮುಟ್ಟುವಾಗ, 1937ರ ರಚನೆಯ ಇಳಿತ-ಏರಿಕೆಯ ಕಲ್ಪನೆ ಜನರ ಆವೇಶದಲ್ಲೇ ಪೂರ್ಣಗೊಂಡದ್ದು ಕೇಳಿಸುತ್ತದೆ.

ಉಪಸಂಹಾರ

ಎಲ್‌ಪಿ ಮೇಲು, ಸಿ.ಡಿ. ಕೀಳು ಎಂದು ಹೇಳುವುದು ನನ್ನ ಉದ್ದೇಶವಲ್ಲ. ಗೊನ್ಸಾಲ್ವಿಸ್ 1974ರಲ್ಲಿ, ಎಲಿಂಗ್ಟನ್ ಸಾಯುವ ಕೆಲವೇ ದಿನ ಮೊದಲು ತೀರಿಕೊಂಡರು. ಅವರ ವಾದನದ ಪೂರ್ಣನಾದ ಲೋಕಕ್ಕೆ ದೊರೆತದ್ದು 1999ರ ಆವೃತ್ತಿಯಿಂದ. ಆ ಋಣ ದೊಡ್ಡದು. ಆದರೆ ಕಛೇರಿಯ ಕೀರ್ತಿಯ ಇತಿಹಾಸ ಬರೆಯುವವರಿಗೆ 1956ರ ಎಲ್‌ಪಿಯೇ ಪ್ರಥಮ ಆಕರ.

ಮುಂದಿನ ಅಧ್ಯಯನಕ್ಕೆ ಕನಿಷ್ಠ ಎರಡು ಕೆಲಸಗಳು ಬಾಕಿ ಇವೆ. ಎರಡೂ ಟೇಪುಗಳಲ್ಲಿ ಜನರ ಸದ್ದಿನ ಏರಿಳಿತವನ್ನು ಇಪ್ಪತ್ತೇಳು ಆವರ್ತಗಳ ಉದ್ದಕ್ಕೂ ಅಳೆದು, ಎಲ್‌ಪಿಯಲ್ಲಿ ಚಪ್ಪಾಳೆ ಸೇರಿಸಿದ ಜಾಗಗಳನ್ನು ಗುರುತಿಸಬೇಕು. ಬರ್ಡ್‌ಲ್ಯಾಂಡ್ ಹಾಗೂ ನಂತರದ ವಾದನಗಳ ಸ್ವರಲಿಪಿಯನ್ನು ನ್ಯೂಪೋರ್ಟಿನದರ ಪಕ್ಕದಲ್ಲಿಟ್ಟು ಭೇದಗಳನ್ನು ಪಟ್ಟಿ ಮಾಡಬೇಕು. ಈ ಲೇಖನದ ವಾದ ಅಲ್ಲಿ ನಿಲ್ಲಬಹುದು, ತಿದ್ದುಪಡಿಯಾಗಬಹುದು. ಅಲ್ಲಿಯವರೆಗೆ ಜಾಝ್ ಕಲಿಸುವವರೂ ಕಲಿಯುವವರೂ 1956ರ ಎಲ್‌ಪಿಯನ್ನು ಬದಿಗೆ ಸರಿಸದೆ, ಎರಡು ಪಾಠಗಳನ್ನೂ ಜತೆಯಾಗಿ ಕೇಳಬೇಕು.