ಒಂಬತ್ತನೇ ನಂಬರಿನ ಆಟಗಾರ

ಮಿಡಿಗೇಶಿಯ ಹುಡುಗನೊಬ್ಬ ಮಧುಗಿರಿಯಲ್ಲಿ ಕಾಲೇಜು ಸೇರಿ ಅಲ್ಲಿನ ಕಬಡ್ಡಿ ತಂಡದಲ್ಲಿ ಆಡುತ್ತಾನೆ ಎಂದು ಭಾವಿಸೋಣ. ಒಂದು ದಿನ ಗೆಳೆಯನ ಮನೆಯಲ್ಲಿ ಹೊಸ ವಿಡಿಯೊ ಆಟವೊಂದನ್ನು ನೋಡುತ್ತಾನೆ. ಪರದೆಯ ಮೇಲೆ ಅವನದೇ ಕಾಲೇಜಿನ ತಂಡ. ದಾಳಿಗೆ ಹೊರಟವನ ಬೆನ್ನಿನ ಮೇಲೆ ಅವನದೇ ನಂಬರು. ಅವನದೇ ಎತ್ತರ, ಅವನದೇ ಮೈಬಣ್ಣ, ಎಡಗಾಲು ಮುಂದಿಟ್ಟು ಗೆರೆ ದಾಟುವ ಅವನದೇ ರೂಢಿ. ಹೆಸರು ಮಾತ್ರ ಇಲ್ಲ. ಆ ಆಟ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ, ಆದರೆ ಇವನನ್ನು ಯಾರೂ ಒಂದು ಮಾತು ಕೇಳಿಲ್ಲ. ಅವನು ಸಂತೋಷಪಡಬೇಕೇ, ಸಿಟ್ಟಾಗಬೇಕೇ?

ನಮ್ಮ ಹುಡುಗನ ವಿಷಯದಲ್ಲಿ ಇದು ಕಲ್ಪನೆ. ಅಮೆರಿಕದ ಸ್ಯಾಮ್ ಕೆಲ್ಲರ್ ಎಂಬ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಇದು ನಿಜವಾಗಿಯೇ ನಡೆಯಿತು.

ಅಲ್ಲಿ ಫುಟ್‌ಬಾಲ್ ಎಂದರೆ ನಾವು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಅಡ್ಡ ಬಂದವರಿಗೆ ಡಿಕ್ಕಿ ಹೊಡೆಯುವ ಆಟ. ಕಾಲೇಜು ಪಂದ್ಯಗಳಿಗೆ ಸೇರುವ ಜನಸಾಗರವನ್ನು ನಾವು ಊಹಿಸುವುದೂ ಕಷ್ಟ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ 1 ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಟಿಕೆಟ್ಟಿನ ಹಣ, ದೂರದರ್ಶನ ಪ್ರಸಾರದ ಹಣ ಕಾಲೇಜಿಗೆ, ಸಂಬಳ ತರಬೇತುದಾರನಿಗೆ. ಆಡುವ ಹುಡುಗರು ‘ವಿದ್ಯಾರ್ಥಿಗಳು’, ಅವರಿಗೆ ವಿದ್ಯಾರ್ಥಿವೇತನವೇ ಸಾಕು ಎಂಬುದು ಬಹುಕಾಲದ ನಿಯಮವಾಗಿತ್ತು.

ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಕಂಪನಿ 1993ರಲ್ಲಿ ಈ ಕಾಲೇಜು ಫುಟ್‌ಬಾಲನ್ನು ವಿಡಿಯೊ ಆಟವಾಗಿ ಹೊರತಂದಿತು. ಮುಂದೆ ವರ್ಷ ವರ್ಷವೂ ಹೊಸ ಆವೃತ್ತಿಗಳು ಬಂದವು. ವಿದ್ಯಾರ್ಥಿಗಳ ಹೆಸರು ಬಳಸುವಂತಿರಲಿಲ್ಲವಾದ್ದರಿಂದ ನಂಬರು ಮಾತ್ರ. ಇಲ್ಲಿ ಸ್ವಲ್ಪ ಯಂತ್ರದ ಒಳಗನ್ನು ನೋಡಬೇಕು. ವಿಡಿಯೊ ಆಟದಲ್ಲಿ ಪ್ರತಿ ಆಟಗಾರನೂ ಅಂಕಿಗಳ ಒಂದು ಸಾಲು: ಎತ್ತರ, ತೂಕ, ವೇಗ, ಎಸೆತದ ಬಲ, ಎಡಗೈಯೋ ಬಲಗೈಯೋ. ಈ ಸಾಲಿನಿಂದ ಹೆಸರಿನ ಕಲಮೊಂದನ್ನು ಅಳಿಸಿದರೆ ಮನುಷ್ಯ ಅಳಿಸಿಹೋಗುತ್ತಾನೆಯೇ? ಕೆಲ್ಲರ್ ಅರಿಜೋನ ಸ್ಟೇಟ್ ತಂಡದಲ್ಲಿ 9ನೇ ನಂಬರು ತೊಡುತ್ತಿದ್ದ. 2005ರ ಆವೃತ್ತಿಯಲ್ಲಿ ಆ ತಂಡದ 9ನೇ ನಂಬರಿನವನಿಗೆ ಕೆಲ್ಲರನ ಎತ್ತರ, ತೂಕ, ಮೈಬಣ್ಣ, ಕೂದಲಿನ ಶೈಲಿ, ತವರು ರಾಜ್ಯ ಎಲ್ಲವೂ ಇದ್ದವು. ಹೆಸರುಗಳ ಪಟ್ಟಿಯನ್ನು ಆಟ ಕೊಂಡವರೇ ಬೇರೆಡೆಯಿಂದ ತಂದು ತುಂಬಿಕೊಳ್ಳಲು ದಾರಿಯೂ ಇತ್ತು!

2009ರಲ್ಲಿ ಕೆಲ್ಲರ್ ನ್ಯಾಯಾಲಯಕ್ಕೆ ಹೋದ. ಅದೇ ವರ್ಷ ಬ್ಯಾಸ್ಕೆಟ್‌ಬಾಲ್ ಆಟಗಾರ ಎಡ್ ಒಬ್ಯಾನನ್ ಕೂಡ ಹೋದ. ಅವನು 1995ರಲ್ಲಿ ತನ್ನ ಕಾಲೇಜಿಗೆ ರಾಷ್ಟ್ರಮಟ್ಟದ ಪ್ರಶಸ್ತಿ ಗೆದ್ದುಕೊಟ್ಟ ತಂಡದವನು, ಬಾಸ್ಕೆಟ್‌ಬಾಲಿನ ವಿಡಿಯೊ ಆಟದಲ್ಲಿ ತನ್ನನ್ನೇ ಕಂಡವನು. ವಿಡಿಯೊ ಆಟ ಒಂದು ಕಲಾಕೃತಿ, ಅದಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಇದೆ ಎಂದು ಕಂಪನಿ ವಾದಿಸಿತು. ಆ ವಾದವನ್ನು ಕೆಲ್ಲರನ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ 2013ರ ಜುಲೈನಲ್ಲಿ ಒಪ್ಪಲಿಲ್ಲ. ಆ ವರ್ಷದ ಆವೃತ್ತಿಯೇ ಕೊನೆಯದಾಯಿತು. 2014ರಲ್ಲಿ ಕಂಪನಿಯೂ ಪರವಾನಗಿ ಸಂಸ್ಥೆಯೂ ಸೇರಿ 4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು.

ಅಲ್ಲಿಂದ 11 ವರ್ಷ ಹೊಸ ಆಟವಿಲ್ಲ. ಅಭಿಮಾನಿಗಳು ಹಳೆಯ ತಟ್ಟೆಗಳನ್ನೇ ಕಾಪಾಡಿಕೊಂಡು, ಪ್ರತಿ ವರ್ಷ ತಂಡಗಳ ಪಟ್ಟಿಯನ್ನು ತಾವೇ ತಿದ್ದಿಕೊಂಡು ಆಡಿದರು. ಹಲವು ರಾಜ್ಯಗಳ ಕಾನೂನುಗಳ ಒತ್ತಡದಿಂದ ಕಾಲೇಜು ಕ್ರೀಡಾ ಸಂಸ್ಥೆ 2021ರ ಜುಲೈ 1ರಿಂದ ನಿಯಮ ಸಡಿಲಿಸಿತು. ವಿದ್ಯಾರ್ಥಿ ತನ್ನ ಹೆಸರು, ಮುಖ, ರೂಪದಿಂದ ಹಣ ಗಳಿಸಬಹುದೆಂದಾಯಿತು. ಹೊಸ ಆಟಕ್ಕೆ ಒಪ್ಪಿದವರಿಗೆ ತಲಾ 600 ಡಾಲರ್, ಅಂದರೆ ಆಗಿನ ದರದಲ್ಲಿ ಸುಮಾರು 50 ಸಾವಿರ ರೂಪಾಯಿ, ಜೊತೆಗೆ ಆಟದ ಒಂದು ಪ್ರತಿ. ಕಡಿಮೆಯಾಯಿತು ಎಂದವರೂ ಇದ್ದರು. ಆದರೂ 10 ಸಾವಿರಕ್ಕೂ ಹೆಚ್ಚು ಮಂದಿ ಒಪ್ಪಿದರು.

2024ರ ಜುಲೈ 19ರಂದು ಆಟ ಬಿಡುಗಡೆಯಾಯಿತು. ಹೆಚ್ಚು ಹಣ ಕೊಟ್ಟವರಿಗೆ ಕೆಲವು ದಿನ ಮೊದಲೇ ಸಿಕ್ಕಿತ್ತು. ಆ ಕೆಲವೇ ದಿನಗಳಲ್ಲಿ 22 ಲಕ್ಷ ಜನ ಆಡಿದರೆಂದು ಕಂಪನಿ ಹೇಳಿಕೊಂಡಿತು. ಮೊದಲು ಆಡಿದವರು ಮೆಚ್ಚಿದ್ದು ಗೆಲುವು ಸೋಲಿಗಿಂತ ಹೆಚ್ಚಾಗಿ ತಮ್ಮ ಕಾಲೇಜಿನ ಗುರುತುಗಳನ್ನು: ಕ್ರೀಡಾಂಗಣದ ಆಕಾರ, ವಾದ್ಯಮೇಳದ ರಾಗ, ಪ್ರೇಕ್ಷಕರ ಕೂಗು. ಸ್ಥಳೀಯರ ಕೂಗು ಏರಿದಾಗ ಹೊರಗಿನಿಂದ ಬಂದ ತಂಡದವನ ಪರದೆಯೇ ನಡುಗುತ್ತದೆ, ಯಾರು ಎತ್ತ ಓಡಬೇಕೆಂದು ತೋರಿಸುವ ಗೆರೆಗಳು ಅಂಕುಡೊಂಕಾಗುತ್ತವೆ. ಕಾರ್ಯಕ್ರಮ ನಿರ್ಮಾಪಕನಾಗಿ ನನಗೆ ಇದು ಬಹಳ ಹಿಡಿಸಿತು. ನಾವು ಜನರ ಗದ್ದಲವನ್ನು ಹಿನ್ನೆಲೆಗೆ ಬಳಸುತ್ತೇವೆ, ಇಲ್ಲಿ ಗದ್ದಲವೇ ಎದುರಾಳಿ.

ದೂರುಗಳೂ ಬಂದವು. ಗಣಕಯಂತ್ರದಲ್ಲಿ ಆಡಲು ಬರುತ್ತಿರಲಿಲ್ಲ, ಅದಕ್ಕೆಂದೇ ಇರುವ ದುಬಾರಿ ಸಾಧನ ಬೇಕಿತ್ತು. ಇನ್ನೊಂದು ವಿಚಿತ್ರವೂ ಇತ್ತು. ಹುಡುಗರೆಲ್ಲ ನಿಜನಾಮದಲ್ಲಿದ್ದರು, ವರ್ಷಕ್ಕೆ ಲಕ್ಷಾಂತರ ಡಾಲರ್ ಸಂಬಳ ಪಡೆಯುವ ಅವರ ತರಬೇತುದಾರರು ಮಾತ್ರ ಇರಲಿಲ್ಲ! ಅವರು ಆಟದೊಳಗೆ ಬಂದದ್ದು 2025ರ ಆವೃತ್ತಿಯಲ್ಲಿ.

ನಮ್ಮಲ್ಲಿ ಇಂಥದೇ ಪ್ರಶ್ನೆ ಕ್ರಿಕೆಟ್ಟಿನ ಮೂಲಕ ಬಂತು. ಬೆಂಗಳೂರಿನ ಮೊಬೈಲ್ ಪ್ರೀಮಿಯರ್ ಲೀಗ್ ಕಂಪನಿಯ ‘ಸ್ಟ್ರೈಕರ್’ ಆಟದಲ್ಲಿ ಕ್ರಿಕೆಟಿಗರ ಹೆಸರು ಮತ್ತು ಬಿಡಿಸಿದ ಚಿತ್ರಗಳಿದ್ದ ಕಾರ್ಡುಗಳು ಮಾರಾಟವಾಗುತ್ತಿದ್ದವು. ಕೆಲವು ಕ್ರಿಕೆಟಿಗರಿಂದ ಹಕ್ಕು ಪಡೆದಿದ್ದ ಇನ್ನೊಂದು ಕಂಪನಿ ಅದಕ್ಕೆ ತಡೆ ಕೇಳಿತು. ದೆಹಲಿ ಹೈಕೋರ್ಟು 2023ರ ಏಪ್ರಿಲ್‌ನಲ್ಲಿ ಮಧ್ಯಂತರ ತಡೆ ಕೊಡಲಿಲ್ಲ. ಆಟಗಾರರ ಹೆಸರು, ಅವರ ರನ್ನು, ವಿಕೆಟ್ಟಿನ ಲೆಕ್ಕ ಎಲ್ಲರಿಗೂ ತಿಳಿದಿರುವಂಥವು, ಅವನ್ನು ಬಳಸುವುದಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಇದೆ ಎಂಬುದು ಅದು ಕೊಟ್ಟ ಕಾರಣ. ಕೆಲ್ಲರನ ಎದುರು ಸೋತಿದ್ದ ವಾದಕ್ಕೆ ದೆಹಲಿಯಲ್ಲಿ ಮನ್ನಣೆ ಸಿಕ್ಕಿತು.